ಎತ್ತಿಟ್ಟ ಇಂಜೆಕ್ಟರ್‌ಗಳನ್ನು ಇನ್ನು ಪರೀಕ್ಷಿಸದೆ ಕೂರಿಸುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ ಒಂದನೇ ತಾರೀಕಿನಿಂದ, ನೀವು ಮನೆಯ ಅಟ್ಟದಿಂದಲೋ ಗುಜರಿಯಿಂದಲೋ ತರುವ ಪೆಟ್ರೋಲ್ ಇಂಜೆಕ್ಟರ್‌ಗಳನ್ನು (ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಸಣ್ಣ ಭಾಗಗಳನ್ನು) ನಮ್ಮ ಪರೀಕ್ಷಾ ಯಂತ್ರವಾದ ಬೆಂಚಿನ ಮೇಲೆ ಪರೀಕ್ಷಿಸದೆ ಕಾರಿಗೆ ಕೂರಿಸಿಕೊಡುವುದಿಲ್ಲ. ಪರೀಕ್ಷೆಗೆ ಒಂದಕ್ಕೆ 250 ರೂಪಾಯಿ, ನಾಲ್ಕರ ಸೆಟ್ಟಿಗೆ 900 ರೂಪಾಯಿ. ಇಂಜೆಕ್ಟರ್ ಪಾಸಾದರೂ ಫೇಲಾದರೂ ಈ ಹಣ ಕೊಡಬೇಕಾಗುತ್ತದೆ. ಸ್ವಚ್ಛಗೊಳಿಸುವ ಕೆಲಸಕ್ಕೆ ಬೇರೆ ದರವಿದೆ, ಅದನ್ನು ಮೊದಲೇ ಹೇಳಿ, ನೀವು ಒಪ್ಪಿದ ಮೇಲೆಯೇ ಕೈ ಹಾಕುತ್ತೇವೆ.

ಕಳೆದ ಕೆಲವು ವಾರಗಳಿಂದ ಈ ಮಾತನ್ನು ಕೌಂಟರಿನಲ್ಲಿ ಬಾಯಿಮಾತಿನಲ್ಲೇ ಹೇಳುತ್ತಿದ್ದೆವು. ಕೆಲವರು ಬೇಸರ ಮಾಡಿಕೊಂಡು ಹಿಂದಿರುಗಿದ್ದಾರೆ. ಹಳೆಯ ಶೆಡ್ಡಿನ ಕಾಲದಿಂದ ಬರುತ್ತಿರುವ ಒಬ್ಬರು, "ನಿಮಗೂ ದುಡ್ಡಿನ ಆಸೆ ಹತ್ತಿತಲ್ಲ" ಎಂದು ಎಲ್ಲರ ಎದುರೇ ಹೇಳಿ ಹೋದರು. ಅವರ ಬೇಸರಕ್ಕೆ, ಅವರಂತೆ ದೂರದಿಂದ ಬಂದು ಕೆಲಸವಾಗದೆ ಮರಳಿದ ಎಲ್ಲರ ಬೇಸರಕ್ಕೆ ಕ್ಷಮೆ ಕೇಳುತ್ತೇವೆ. ನಿರ್ಧಾರವನ್ನು ಮಾತ್ರ ಬದಲಿಸುವುದಿಲ್ಲ. ಕಾರಣವನ್ನು ಪೂರ್ತಿಯಾಗಿ ಹೇಳುವುದು ನಮ್ಮ ಕರ್ತವ್ಯ ಎಂದುಕೊಂಡು ಈ ಪತ್ರ ಬರೆಯುತ್ತಿದ್ದೇವೆ.

ನಾವು ಹೆಚ್ಚಾಗಿ ಕೇಳಿರುವ ಮಾತು ಇದು: "ಓಡುತ್ತಿದ್ದ ಗಾಡಿಯಿಂದ ಬಿಚ್ಚಿಟ್ಟದ್ದು ಮಾರಾಯರೇ. ಅಟ್ಟದಲ್ಲಿ ಸುಮ್ಮನೆ ಇತ್ತು. ಉಪಯೋಗಿಸದೇ ಇದ್ದದ್ದು ಹಾಳಾಗುವುದು ಹೇಗೆ?"

ಹಾಳಾಗುತ್ತದೆ. ದಿನವೂ ಓಡುವ ಕಾರಿನ ಇಂಜೆಕ್ಟರಿಗಿಂತ ಸುಮ್ಮನೆ ಬಿದ್ದಿದ್ದ ಇಂಜೆಕ್ಟರೇ ನಮ್ಮ ಬೆಂಚಿನಲ್ಲಿ ಹೆಚ್ಚು ತೊಂದರೆ ಕೊಡುತ್ತದೆ. ಕಾರು ಓಡುತ್ತಿರುವಾಗ ಪೆಟ್ರೋಲ್ ಒಳಗೆ ಹರಿಯುತ್ತಲೇ ಇರುತ್ತದೆ, ಭಾಗಗಳು ಒದ್ದೆಯಾಗಿಯೇ ಇರುತ್ತವೆ. ಬಿಚ್ಚಿದ ಮೇಲೆ ಒಳಗೆ ಉಳಿದ ಸ್ವಲ್ಪ ಪೆಟ್ರೋಲಿನಲ್ಲಿ ಹಗುರವಾದ ಅಂಶ ಆವಿಯಾಗಿ ಹೋಗುತ್ತದೆ. ಭಾರವಾದ ಅಂಶ ಗಾಳಿಯೊಂದಿಗೆ ಸೇರಿ ಕಂದು ಬಣ್ಣದ ಅಂಟಾಗುತ್ತದೆ. ಹಲಸಿನ ಮೇಣ ಕೈಗೆ ಹತ್ತಿದರೆ ಹೇಗೆ ಬಿಡುವುದಿಲ್ಲವೋ ಹಾಗೆ ಆ ಅಂಟು ಇಂಜೆಕ್ಟರಿನ ಬಾಯಿಯನ್ನು ತೆರೆದು ಮುಚ್ಚುವ ಸೂಜಿಯನ್ನೂ ಅದು ಕೂರುವ ಜಾಗವನ್ನೂ ಹಿಡಿದುಬಿಡುತ್ತದೆ. ಆ ಸೂಜಿ ಮೇಲೇಳುವ ದೂರ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ, ಕೆಲವದರಲ್ಲಿ ಅದಕ್ಕಿಂತಲೂ ಕಡಿಮೆ. ಗಾಡಿ ನಿಂತೇ ಎಂಜಿನ್ ಓಡುತ್ತಿರುವಾಗ (ಐಡಲ್‌ನಲ್ಲಿ) ಅದು ಪ್ರತಿ ಸಲ ತೆರೆದಿರುವುದು ಎರಡು ಮೂರು ಮಿಲಿಸೆಕೆಂಡು ಮಾತ್ರ. ಇಷ್ಟು ಸೂಕ್ಷ್ಮವಾದ ಜಾಗಕ್ಕೆ ತೆಳ್ಳನೆಯ ಅಂಟಿನ ಒಂದು ಪದರವೇ ಸಾಕು.

ನಮ್ಮ ಕರಾವಳಿಯ ಹವೆ ಇದಕ್ಕೆ ಇನ್ನಷ್ಟು ಕೆಡುಕು ಸೇರಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನಲ್ಲಿಟ್ಟ ಬಟ್ಟೆಗೇ ಬೂಷ್ಟು ಹಿಡಿಯುವ ಊರಿನಲ್ಲಿ ಉಕ್ಕಿನ ಸೂಜಿ ತುಕ್ಕು ಹಿಡಿಯದೆ ಇರುತ್ತದೆಯೇ? ಹೆಚ್ಚಿನವರು ಇಂಜೆಕ್ಟರನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಇಟ್ಟಿರುತ್ತಾರೆ. ಕಾಗದ ಮೊದಲು ಅದರ ಮೇಲಿನ ಎಣ್ಣೆಯ ಪಸೆಯನ್ನು ಹೀರಿಕೊಳ್ಳುತ್ತದೆ, ಆಮೇಲೆ ಮಳೆಗಾಲದ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಪೆಟ್ರೋಲ್ ಕೂಡ ಹಿಂದಿನದಲ್ಲ. ಪೆಟ್ರೋಲಿಗೆ ಶೇ 10ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ದೇಶ 2022ರಲ್ಲಿ ಮುಟ್ಟಿತು. ಶೇ 20ರ ಗುರಿಯನ್ನು 2030ರಿಂದ 2025ಕ್ಕೆ ಹಿಂದಕ್ಕೆ ತಂದರು. ಈಗ ಬಂಕಿನಲ್ಲಿ ಸಿಗುವುದು ಬಹುತೇಕ ಅದೇ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹಳೆಯ ಕಾರುಗಳಲ್ಲಿದ್ದ ರಬ್ಬರ್ ಓ-ರಿಂಗ್‌ಗಳನ್ನು (ಸೋರದಂತೆ ತಡೆಯುವ ಬಳೆಗಳನ್ನು) ಇಷ್ಟು ಎಥನಾಲಿಗೆಂದು ಮಾಡಿರಲಿಲ್ಲ. ವರ್ಷಗಟ್ಟಲೆ ಒಣಗಿ ಗಟ್ಟಿಯಾದ ಓ-ರಿಂಗ್ ಇರುವ ಇಂಜೆಕ್ಟರನ್ನು ಹಾಗೆಯೇ ಕೂರಿಸಿ ಇಂದಿನ ಪೆಟ್ರೋಲ್ ಹರಿಸಿದರೆ ಅದು ಬಿರಿಯಬಹುದು, ಪಕ್ಕದಿಂದ ಸೋರಬಹುದು. ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯಾದ ರೇಲಿನಲ್ಲಿ ಸುಮಾರು ಮೂರು ಬಾರ್ ಒತ್ತಡದಲ್ಲಿರುವ ಪೆಟ್ರೋಲ್ ಬಿಸಿ ಎಂಜಿನ್ ಮೇಲೆ ಚಿಮ್ಮಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಮಕ್ಕಳು ಕೂರುವ ಕಾರು ಅದು. ಹಿಂದೆ ಹಾಗೆಯೇ ಹಾಕಿಕೊಡುತ್ತಿದ್ದಿರಲ್ಲ ಎನ್ನುವವರಿಗೆ ನಮ್ಮ ಉತ್ತರ ಇಷ್ಟೇ: ಹಿಂದೆ ಬರುತ್ತಿದ್ದದ್ದು ಒಂದೆರಡು ವರ್ಷ ಎತ್ತಿಟ್ಟದ್ದು, ಈಗ ಬರುವುದು ಹತ್ತು ಹದಿನೈದು ವರ್ಷದ್ದು. ಒಳಗೆ ಹರಿಯುವ ಪೆಟ್ರೋಲೂ ಬೇರೆ.

ಇನ್ನು ಕೆಲವರು ಮನೆಯಲ್ಲೇ ಪರೀಕ್ಷೆ ಮಾಡಿಕೊಂಡು ಬರುತ್ತಾರೆ. "ಬ್ಯಾಟರಿ ಕೊಟ್ಟು ನೋಡಿದೆ, ಟಕ್ ಟಕ್ ಎನ್ನುತ್ತದೆ. ಮೀಟರಿನಲ್ಲೂ ಸರಿ ಇದೆ" ಎನ್ನುತ್ತಾರೆ. ಅವರ ಆಸಕ್ತಿಯನ್ನು ಮೆಚ್ಚುತ್ತೇವೆ. ಹಳೆಯ ಮಾರುತಿ, ಸ್ಯಾಂಟ್ರೊ ಮೊದಲಾದ ಕಾರುಗಳ ಇಂಜೆಕ್ಟರ್ ಕಾಯಿಲ್ (ಸೂಜಿಯನ್ನು ಎಳೆಯುವ ತಂತಿಯ ಸುರುಳಿ) ಸಾಮಾನ್ಯವಾಗಿ 12ರಿಂದ 16 ಓಮ್ ತೋರಿಸಬೇಕು. ಅಷ್ಟು ತೋರಿಸಿದರೆ ಕಾಯಿಲ್ ಸುಟ್ಟಿಲ್ಲ ಎಂದು ತಿಳಿಯುತ್ತದೆ. ಸದ್ದು ಕೇಳಿಸಿದರೆ ಸೂಜಿ ಅಲ್ಲಾಡುತ್ತಿದೆ ಎಂದು ತಿಳಿಯುತ್ತದೆ. ಎಷ್ಟು ಪೆಟ್ರೋಲ್ ಬರುತ್ತದೆ, ಯಾವ ಆಕಾರದಲ್ಲಿ ಬರುತ್ತದೆ, ಮುಚ್ಚಿದಾಗ ನಿಜವಾಗಿ ಮುಚ್ಚುತ್ತದೆಯೇ ಎಂಬ ಮೂರು ಮುಖ್ಯ ಪ್ರಶ್ನೆಗಳಿಗೆ ಮೀಟರಿನಲ್ಲೂ ಉತ್ತರವಿಲ್ಲ, ಸದ್ದಿನಲ್ಲೂ ಇಲ್ಲ. ಹಾಂ, ಒಂದು ವಿನಂತಿ: ಕಾರಿನ 12 ವೋಲ್ಟಿನ ಬ್ಯಾಟರಿಗೆ ನೇರವಾಗಿ ಸಿಕ್ಕಿಸಿ ಹಿಡಿದುಕೊಳ್ಳಬೇಡಿ. ಕಡಿಮೆ ಓಮ್‌ನ ಇಂಜೆಕ್ಟರ್ ಆಗಿದ್ದರೆ ಕಾಯಿಲ್ ಅಲ್ಲೇ ಸುಟ್ಟುಹೋಗುತ್ತದೆ.

ಕಳೆದ ಮಳೆಗಾಲದಲ್ಲಿ ಒಂದು ಹಳೆಯ ಕಾರಿನ ಸೆಟ್ ಬಂದಿತ್ತು. ನಾಲ್ಕರಲ್ಲೂ ಮೀಟರ್ ಸರಿಯಾಗಿ ತೋರಿಸಿತು, ನಾಲ್ಕೂ ಸದ್ದು ಮಾಡಿದವು. ಬೆಂಚಿಗೆ ಹಾಕಿ ದೀಪ ಮಿನುಗಿಸಿದಾಗ ಮೂರರಿಂದ ಸಣ್ಣ ಹನಿಗಳ ಮಂಜು ಕೊಡೆಯ ಆಕಾರದಲ್ಲಿ ಹರಡಿತು. ನಾಲ್ಕನೆಯದರಿಂದ ದಾರದಂತಹ ಒಂದೇ ಎಳೆ ನೇರವಾಗಿ ಕೆಳಗೆ ಬಿತ್ತು. ಗಾಜಿನ ಕೊಳವೆಗಳಲ್ಲಿ ಮೂರರ ಮಟ್ಟ ಸಮನಾಗಿ ಏರಿತು, ನಾಲ್ಕನೆಯದು ಗೆರೆಗಿಂತ ಬಹಳ ಕೆಳಗೇ ನಿಂತಿತು. ಸಾಲದ್ದಕ್ಕೆ, ಕರೆಂಟು ನಿಲ್ಲಿಸಿ ಒತ್ತಡ ಮಾತ್ರ ಇಟ್ಟಾಗ ಅದರ ತುದಿಯಲ್ಲಿ ಒಂದು ಹನಿ ನಿಧಾನವಾಗಿ ದಪ್ಪಗಾಗಿ ಕಳಚಿ ಬಿತ್ತು, ಅದರ ಹಿಂದೆ ಇನ್ನೊಂದು. ಮೇಲಿನ ಸಣ್ಣ ಬುಟ್ಟಿಯಂತಹ ಫಿಲ್ಟರನ್ನು ಎಳೆದು ತೆಗೆದರೆ ಜಾಲರಿಯ ತುಂಬ ತುಕ್ಕಿನ ಪುಡಿ.

ಅಂತಹ ಒಂದನ್ನು ಮೂರು ಒಳ್ಳೆಯದರ ಜೊತೆ ಕೂರಿಸಿದರೆ ಕಷ್ಟ ಆ ಒಂದಕ್ಕೇ ನಿಲ್ಲುವುದಿಲ್ಲ. ಆಕ್ಸಿಜನ್ ಸೆನ್ಸರ್ ಇರುವ ಕಾರುಗಳಲ್ಲಿ ಅದು ಸಿಲಿಂಡರುಗಳ ಹೊಗೆಯನ್ನು ಒಟ್ಟಾಗಿ ಅಳೆಯುತ್ತದೆ. ಒಂದು ಸಿಲಿಂಡರಿಗೆ ಪೆಟ್ರೋಲ್ ಕಡಿಮೆಯಾದರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ನಾಲ್ಕಕ್ಕೂ ಹೆಚ್ಚಿಸುತ್ತದೆ. ಸರಿಯಿದ್ದ ಮೂರಕ್ಕೆ ಅತಿಯಾಗುತ್ತದೆ, ಕೊರತೆಯಿದ್ದದ್ದಕ್ಕೆ ಆಗಲೂ ಸಾಲುವುದಿಲ್ಲ. ಮೈಲೇಜ್ ಇಳಿಯುತ್ತದೆ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ತುದಿಯಿಂದ ತೊಟ್ಟಿಕ್ಕುವ ಪೆಟ್ರೋಲ್ ಸಿಲಿಂಡರಿನ ಗೋಡೆಯ ಮೇಲಿನ ಎಣ್ಣೆಯನ್ನು ತೊಳೆದು ಎಂಜಿನ್ ಅಡಿಯ ಆಯಿಲ್ ತೊಟ್ಟಿಗೆ ಇಳಿದು ಎಂಜಿನ್ ಆಯಿಲನ್ನೇ ತೆಳುವಾಗಿಸುತ್ತದೆ. ಇಷ್ಟೆಲ್ಲ ಆದ ಮೇಲೆ ಗಾಡಿ ಬರುವುದು ನಮ್ಮಲ್ಲಿಗೇ, ಮಾತು ಕೇಳಬೇಕಾದವರೂ ನಾವೇ. ರೇಲ್ ಮತ್ತೆ ಬಿಚ್ಚಿ, ಮತ್ತೆ ಕಟ್ಟಿಕೊಡುವ ಅರ್ಧ ದಿನದ ಕೆಲಸಕ್ಕೆ ಇದುವರೆಗೆ ಯಾರಿಂದಲೂ ಹಣ ತೆಗೆದುಕೊಂಡಿಲ್ಲ. ಆ ಲೆಕ್ಕ ಯಾವ ಬಿಲ್ಲಿನಲ್ಲೂ ಕಾಣಿಸುವುದಿಲ್ಲ.

ಹಣದ ವಿಷಯವನ್ನೂ ಬಿಚ್ಚಿ ಹೇಳುತ್ತೇವೆ, ಏಕೆಂದರೆ ಈ ಒಂದು ವಿಷಯದಲ್ಲಿ ನಮ್ಮ ಮೇಲೆ ಅನ್ಯಾಯವಾಗಿ ದೂರು ಬರುತ್ತಿದೆ ಎಂದೇ ನಮಗೆ ಅನಿಸುತ್ತದೆ. ನಾವು ಪರೀಕ್ಷೆಗೆ ಪೆಟ್ರೋಲ್ ಬಳಸುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಪೆಟ್ರೋಲನ್ನು ಮಂಜಿನಂತೆ ಸಿಂಪಡಿಸಿದರೆ ಒಂದು ಕಿಡಿ ಸಾಕು. ಸುಲಭವಾಗಿ ಬೆಂಕಿ ಹತ್ತದ ಪರೀಕ್ಷಾ ದ್ರವವೇ ಬೇಕು, ಅದನ್ನು ಕ್ಯಾನಿನ ಲೆಕ್ಕದಲ್ಲಿ ಹೊರಗಿನಿಂದ ತರಿಸುತ್ತೇವೆ. ಎತ್ತಿಟ್ಟ ಇಂಜೆಕ್ಟರ್‌ಗಳ ಅಂಟು, ತುಕ್ಕು ಅದರಲ್ಲಿ ಸೇರಿದರೆ ಬೇಗ ಬದಲಿಸಬೇಕಾಗುತ್ತದೆ. ಓಡುವ ಕಾರಿನ ಇಂಜೆಕ್ಟರ್ ಇಷ್ಟು ಹೊಲಸು ಬಿಡುವುದಿಲ್ಲ. ಬೆಂಚಿನ ಪಂಪು, ಅಲ್ಟ್ರಾಸಾನಿಕ್ ತೊಟ್ಟಿ, ಫಿಲ್ಟರುಗಳು, ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ ಕಾಪಾಡುವ ಯುಪಿಎಸ್, ಎಲ್ಲದಕ್ಕೂ ದುಡ್ಡು ಹೋಗುತ್ತದೆ. ಬೆಂಚಿನ ಸಾಲದ ಕಂತು ಇನ್ನೂ ಕಟ್ಟುತ್ತಿದ್ದೇವೆ. ಮೇಲೆ ಹೇಳಿದ ದರದಲ್ಲಿ ಶೇ 18ರ ಜಿಎಸ್‌ಟಿ ಸೇರಿದೆ, ಅದು ನಮ್ಮ ಕೈಗೆ ಬರುವ ಹಣವಲ್ಲ. ಫೇಲಾದದ್ದಕ್ಕೂ ಹಣ ಏಕೆ ಎಂದು ಕೇಳುತ್ತೀರಿ. ಫೇಲಾದ ಇಂಜೆಕ್ಟರಿಗೇ ನಮ್ಮ ಹುಡುಗರ ಸಮಯ ಹೆಚ್ಚು ಹೋಗುವುದು. ಒಂದು ಸಲ ನೋಡಿ ಕೈಬಿಡುವುದಿಲ್ಲ, ನೆನೆಸಿ, ಹಿಂದಿನಿಂದ ದ್ರವ ಹರಿಸಿ, ಮತ್ತೆ ನೋಡಿದ ಮೇಲೆಯೇ ಇಲ್ಲ ಎನ್ನುತ್ತೇವೆ.

ಹೊಸದು ಮಾರಲು ಹೂಡಿದ ಉಪಾಯ ಇದು ಎಂದೂ ಒಬ್ಬಿಬ್ಬರು ಆಡಿಕೊಂಡದ್ದು ಕಿವಿಗೆ ಬಿದ್ದಿದೆ. ಹಳೆಯದನ್ನು ಎಸೆಯಿರಿ ಎಂದು ನಾವು ಎಂದೂ ಹೇಳಿದವರಲ್ಲ. ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಹೇಳಿತು. ಹಳೆಯ ಝೆನ್, ಎಸ್ಟೀಮ್‌ಗಳು ಶೋರೂಮಿನಿಂದ ಮಾಯವಾಗಿ ಎಷ್ಟೋ ಕಾಲವಾಯಿತು. ಅಂತಹ ಕಾರು ಇಟ್ಟುಕೊಂಡವರಿಗೆ ಅಟ್ಟದಲ್ಲಿರುವ ಅಸಲಿ ಇಂಜೆಕ್ಟರ್ ಎಷ್ಟು ಬೆಲೆಬಾಳುವ ವಸ್ತು ಎಂದು ನಮಗೆ ಗೊತ್ತು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಹೆಸರಿಲ್ಲದ ಹೊಸದಕ್ಕಿಂತ, ಚೆನ್ನಾಗಿ ತೊಳೆದು ಅಳೆದ ಹಳೆಯ ಅಸಲಿ ಇಂಜೆಕ್ಟರನ್ನೇ ನಾವು ಮೆಚ್ಚುತ್ತೇವೆ. ಎಲ್ಲೂ ಆಗುವುದಿಲ್ಲ ಎಂದು ಬಿಟ್ಟ ಸೆಟ್ಟುಗಳನ್ನು ಈ ಬೆಂಚಿನ ಮೇಲೆ ಬದುಕಿಸಿಕೊಟ್ಟ ಹೆಮ್ಮೆ ನಮಗಿದೆ. ಫೇಲಾದದ್ದನ್ನು ನಿಮ್ಮ ಕೈಗೇ ಕೊಡುತ್ತೇವೆ. ಬದಲಿಗೆ ಬೇಕಾದದ್ದನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತನ್ನಿ, ಶಿವಾಜಿನಗರದ ಗುಜರಿಯಿಂದ ತನ್ನಿ, ನಮ್ಮಲ್ಲೇ ಕೊಳ್ಳಬೇಕೆಂಬ ಒತ್ತಾಯವಿಲ್ಲ. ಪಾಸಾಗಿ ನಾವೇ ಕೂರಿಸಿದ ಇಂಜೆಕ್ಟರಿಗೆ ಹೊಸ ಓ-ರಿಂಗ್, ಹೊಸ ಫಿಲ್ಟರ್ ಹಾಕಿ ಆರು ತಿಂಗಳ ಖಾತರಿ ಬರೆದುಕೊಡುತ್ತೇವೆ. ಎತ್ತಿಟ್ಟ ಇಂಜೆಕ್ಟರಿಗೆ ಇದುವರೆಗೆ ನಾವು ಕೊಡದೇ ಇದ್ದ ಖಾತರಿ ಇದು.

ಡೀಸೆಲ್ ಕಾಮನ್ ರೇಲ್ ಇಂಜೆಕ್ಟರುಗಳನ್ನು ನಾವು ಇನ್ನು ತೆಗೆದುಕೊಳ್ಳುವುದಿಲ್ಲ. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಅನೇಕ ಇಂಜೆಕ್ಟರುಗಳ ಮೇಲಿರುವ ಸಂಕೇತವನ್ನು ಇಸಿಯುವಿಗೆ ತುಂಬಿಸಬೇಕು, ತೊಟ್ಟಿಕ್ಕುವ ಒಂದೇ ಒಂದು ಇಂಜೆಕ್ಟರ್ ಪಿಸ್ಟನ್ನನ್ನೇ ಸುಟ್ಟು ತೂತು ಮಾಡಬಲ್ಲದು. ಅದಕ್ಕೆ ಬೇಕಾದ ಬೆಂಚು ನಮ್ಮಲ್ಲಿಲ್ಲ. ಇರುವ ಕಡೆಯ ವಿಳಾಸ ಕೊಡುತ್ತೇವೆ.

ಬಿಚ್ಚಿದ ಇಂಜೆಕ್ಟರನ್ನು ಎತ್ತಿಡಬೇಕೆಂದಿದ್ದರೆ ಮೊದಲು ನಮ್ಮಲ್ಲಿಗೆ ತನ್ನಿ. ತೊಳೆದು, ಒಳಗೆ ತೆಳು ಎಣ್ಣೆ ಹರಿಸಿ, ಎರಡೂ ತುದಿಗೆ ಮುಚ್ಚಳ ಹಾಕಿ, ಗಾಳಿಯಾಡದ ಚೀಲದಲ್ಲಿಟ್ಟು ಕೊಡುತ್ತೇವೆ. ಬೆಂಚಿನ ಮೇಲೆ ಒಮ್ಮೆ ಪರೀಕ್ಷೆಗೆ ಹಣ ಕೊಟ್ಟವರಿಗೆ ಇದು ಉಚಿತ. ಮನೆಯಲ್ಲಿ ಮಾಡುವುದಾದರೆ ಸೀಮೆ ಎಣ್ಣೆ ಬೇಡ, ನೀರು ಖಂಡಿತ ಬೇಡ, ಪತ್ರಿಕೆಯಲ್ಲಿ ಸುತ್ತಬೇಡಿ.

ದುಬೈ, ಕತಾರ್, ಮುಂಬೈಯಲ್ಲಿದ್ದು ರಜೆಗೆ ಮಾತ್ರ ಊರಿಗೆ ಬರುವ ನಮ್ಮ ಗ್ರಾಹಕರ ಕಷ್ಟ ಬೇರೆ ಎಂದು ಬಲ್ಲೆವು. ಇರುವ ಕೆಲವೇ ದಿನ ಗಾಡಿ ನಮ್ಮ ಶೆಡ್ಡಿನಲ್ಲಿ ಇರಬಾರದು. ನೀವು ಬರುವ ಮೊದಲೇ ಮನೆಯವರ ಕೈಯಲ್ಲಿ ಇಂಜೆಕ್ಟರ್ ಕಳುಹಿಸಿದರೆ, ಬೆಂಚಿನ ಮೇಲೆ ನಡೆಯುವ ಪರೀಕ್ಷೆಯ ವಿಡಿಯೊ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುತ್ತೇವೆ. ಅದನ್ನು ನೋಡಿ ನೀವೇ ತೀರ್ಮಾನ ಹೇಳಿ. ಊರಲ್ಲೇ ಇರುವವರು ಎದುರಿಗೆ ನಿಂತು ನೋಡಬಹುದು, ಅನುಮಾನವಿದ್ದದ್ದನ್ನು ಎರಡನೇ ಸಲವೂ ಓಡಿಸಿ ತೋರಿಸುತ್ತೇವೆ. ನಿಮ್ಮೆದುರು ಮುಚ್ಚಿಡುವಂತಹದ್ದು ನಮ್ಮಲ್ಲಿ ಏನೂ ಇಲ್ಲ.

ಈಗಾಗಲೇ ಇಂಜೆಕ್ಟರ್ ಕೊಟ್ಟು ಕಾಯುತ್ತಿರುವವರಿಗೆ ಹೊಸ ಶುಲ್ಕವಿಲ್ಲ. ಹೊಸದಾಗಿ ತರುವವರು ಯಾವ ಕಾರಿನದು, ಯಾವ ವರ್ಷದ್ದು, ಸುಮಾರು ಎಷ್ಟು ಕಾಲದಿಂದ ಎತ್ತಿಟ್ಟದ್ದು ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗೆ ತನ್ನಿ. ಭಾನುವಾರ ಬಿಟ್ಟು ಬೇರೆ ದಿನ, ಮಧ್ಯಾಹ್ನದ ಮೊದಲು ತಂದರೆ ಅದೇ ಸಂಜೆ ಫಲಿತಾಂಶ ಹೇಳುತ್ತೇವೆ.

ಇತಿ ನಿಮ್ಮ ವಿಶ್ವಾಸಿಗಳು,
ಮಾಲೀಕರು ಮತ್ತು ಬೆಂಚಿನ ಕೆಲಸಗಾರರು