ಲ್ಯಾಮಿಂಗ್ಟನ್ ಕೇಕಿನ ಬಗ್ಗೆ ಹುಬ್ಬಳ್ಳಿಯ ಗೆಳೆಯನಿಗೊಂದು ಪತ್ರ

ಬ್ರಿಸ್ಬೇನ್

ಪ್ರಿಯ ಗೆಳೆಯಾ,

ನೀನು ಓದಿದ ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಗೂ ಇಲ್ಲಿನ ಬೇಕರಿಗಳಲ್ಲಿ ಸಿಗುವ ಲ್ಯಾಮಿಂಗ್ಟನ್ ಕೇಕಿಗೂ ಹೆಸರು ಬಂದದ್ದು ಒಂದೇ ಮನೆತನದಿಂದ ಎಂಬುದನ್ನು ನಿನಗೆ ತಿಳಿಸಲೇಬೇಕೆನಿಸಿತು. ಲಾರ್ಡ್ ಲ್ಯಾಮಿಂಗ್ಟನ್ 1896ರಿಂದ 1901ರವರೆಗೆ ಇಲ್ಲಿನ, ಅಂದರೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ, ಗವರ್ನರ್ ಆಗಿದ್ದರು. 1903ರಲ್ಲಿ ಮುಂಬಯಿ ಪ್ರಾಂತ್ಯದ ಗವರ್ನರ್ ಆಗಿ ಬಂದರು, ಆಗ ನಮ್ಮ ಧಾರವಾಡ ಜಿಲ್ಲೆಯೂ ಆ ಪ್ರಾಂತ್ಯಕ್ಕೇ ಸೇರಿತ್ತು. 1940ರಲ್ಲಿ ಲಂಡನ್ನಿನ ಕ್ಯಾಕ್ಸ್ಟನ್ ಹಾಲಿನಲ್ಲಿ ಕ್ರಾಂತಿಕಾರಿ ಉಧಮ್ ಸಿಂಗ್ ಹಾರಿಸಿದ ಗುಂಡುಗಳಿಂದ ಗಾಯಗೊಂಡವರಲ್ಲಿ ಇವರೂ ಒಬ್ಬರು.

ಕೇಕಿಗೆ ಇಟ್ಟ ಹೆಸರು ಗವರ್ನರರದೋ ಅವರ ಪತ್ನಿಯದೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಅನಿರೀಕ್ಷಿತವಾಗಿ ಅತಿಥಿಗಳು ಬಂದಾಗ ಗವರ್ನರರ ಫ್ರೆಂಚ್ ಬಾಣಸಿಗ ಅರ್ಮಾಂಡ್ ಗಲ್ಲಾನ್, ಉಳಿದಿದ್ದ ಸ್ಪಂಜ್ ಕೇಕನ್ನು ಕತ್ತರಿಸಿ ಚಾಕೊಲೇಟಿನಲ್ಲಿ ಅದ್ದಿ ಕೊಬ್ಬರಿಯಲ್ಲಿ ಹೊರಳಿಸಿದನೆಂಬ ಕಥೆ ಬಾಯಿಂದ ಬಾಯಿಗೆ ಬಂದಿದೆ. ಬ್ರಿಸ್ಬೇನಿನವರೂ ಟುವೂಂಬಾದವರೂ ಅದನ್ನು ತಮ್ಮ ಊರಿನದೆನ್ನುತ್ತಾರೆ. 1900ರ ಹೊತ್ತಿಗಾಗಲೇ ಕ್ವೀನ್ಸ್‌ಲ್ಯಾಂಡಿನ ಪತ್ರಿಕೆಯಲ್ಲಿ ಇದರ ಪಾಕವಿಧಾನ ಅಚ್ಚಾಗಿತ್ತು. ಕಥೆಯ ಬಾಣಸಿಗ ಯಾರೇ ಆಗಿರಲಿ, ಉಳಿದ ಕೇಕನ್ನು ಚೆಲ್ಲದೆ ಉಳಿಸಿಕೊಳ್ಳುವ ಅಡುಗೆಮನೆಯ ಜಾಣತನದಿಂದಲೇ ಇದು ಹುಟ್ಟಿತೆಂದು ನಾನು ನಂಬುತ್ತೇನೆ, ಏಕೆಂದರೆ ಹಿಂದಿನ ದಿನ ಮಾಡಿಟ್ಟ ಸ್ಪಂಜಿನಿಂದಲೇ ಇದು ಚೆನ್ನಾಗಿ ಬರುತ್ತದೆ. ಹೊಸದು ಅದ್ದಿದೊಡನೆ ಪುಡಿಯಾಗುತ್ತದೆ.

ಇದರ ನಿಜವಾದ ಸೊಗಸು ಹೊರಗಿನ ಕೊಬ್ಬರಿಯಲ್ಲೂ ಇಲ್ಲ, ಒಳಗಿನ ಮೆತ್ತನೆಯ ಭಾಗದಲ್ಲೂ ಇಲ್ಲ. ತೆಳುವಾದ ಕೋಕೋ ಪಾಕವು ಅಂಚಿನೊಳಗೆ ಇಳಿದು, ಸ್ಪಂಜನ್ನು ತುಸುವೇ ನೆನೆಸಿ ನಿಲ್ಲುವ ಆ ಪದರದಲ್ಲಿದೆ. ಕೆಲವರು ನಡುವೆ ಸೀಳಿ ಜಾಮ್ ಮತ್ತು ಕೆನೆ ತುಂಬುತ್ತಾರೆ. ಕೆನೆ ಹೆಚ್ಚಾದರೆ ಕೋಕೋದ ಸಣ್ಣ ಕಹಿ ಮುಚ್ಚಿಹೋಗುತ್ತದೆ, ಆದ್ದರಿಂದ ನನಗೆ ಏನೂ ತುಂಬದ್ದೇ ಇಷ್ಟ. ಶಾಲೆ, ಚರ್ಚು, ಸ್ಕೌಟ್ ತಂಡಗಳು ಹಣ ಕೂಡಿಸಲು ನಡೆಸುವ 'ಲ್ಯಾಮಿಂಗ್ಟನ್ ಡ್ರೈವ್' ಇಲ್ಲಿಯ ಹಳೆಯ ರೂಢಿ: ಸ್ವಯಂಸೇವಕರು ಸಾಲಾಗಿ ನಿಂತು ಅದ್ದಿ, ಹೊರಳಿಸಿ, ಡಜನ್ ಲೆಕ್ಕದಲ್ಲಿ ಕಟ್ಟಿ ಮಾರುತ್ತಾರೆ. ಕೇಕಿನ ಕೀರ್ತಿ ಗವರ್ನರರ ಬಂಗಲೆಗಿಂತ ಇವರಿಗೇ ಹೆಚ್ಚು ಸಲ್ಲಬೇಕು.

ಮನೆಯಲ್ಲಿ ಮಾಡುವುದಾದರೆ ಐಸಿಂಗ್ ಸಕ್ಕರೆ, ಕೋಕೋ, ಬೆಣ್ಣೆ, ಬಿಸಿ ಹಾಲು ಸೇರಿಸಿ ಪಾಕವನ್ನು ತೆಳ್ಳಗೆ ಇಡು, ಎರಡು ಫೋರ್ಕುಗಳಿಂದ ಅದ್ದಿ ಬೇಗನೆ ಎತ್ತು. ಹೋಳಿಗೆಗೆ ತುರಿಯುವ ಹಸಿ ಕಾಯಿ ಬೇಡ, ನೀರಿನಂಶದಿಂದ ಬೇಗ ಕೆಡುತ್ತದೆ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಒಣ ಕೊಬ್ಬರಿಪುಡಿಯನ್ನೇ ತಾ.

ನಿನ್ನ ಪ್ರೀತಿಯ
ಗೆಳೆಯ