ರೇಸ್ ನಿಲ್ಲಿಸುವವರಿಗೆ ಗಡಿಯಾರದ ಹಂಗು ಬೇಡ

ಮಾನ್ಯ ಸಂಪಾದಕರೇ,

ಸುರಕ್ಷತೆಯ ಹೆಸರಿನಲ್ಲಿ ಫಾರ್ಮುಲಾ ಒನ್ ರೇಸಿನ ಸ್ವಾರಸ್ಯವನ್ನೇ ಹಾಳು ಮಾಡಲಾಗುತ್ತಿದೆ ಎಂದು ನಿಮ್ಮ ಓದುಗರೊಬ್ಬರು ಈಚೆಗೆ ಬರೆದಿದ್ದರು. ಹಲವು ವರ್ಷಗಳಿಂದ ಈ ಆಟವನ್ನು ಬಿಡದೆ ನೋಡಿಕೊಂಡು ಬಂದಿರುವ ನನಗೆ ಅವರ ಬೇಸರ ಅರ್ಥವಾಗುತ್ತದೆ. ಆದರೆ ಅವರು ದೂರಿರುವುದು ಚಾಲಕನನ್ನು ಕಾಯುವ ಸಲಕರಣೆಗಳನ್ನು. ದೂರಬೇಕಾದದ್ದು ಬೇರೆಯದನ್ನು ಎಂಬುದು ನನ್ನ ಅಭಿಪ್ರಾಯ.

ಚಾಲಕನ ತಲೆಯ ಸುತ್ತ ‘ಹೇಲೋ’ ಎಂಬ ಟೈಟಾನಿಯಂ ಕಮಾನು 2018ರಲ್ಲಿ ಬಂದಾಗ ನಮ್ಮ ಮನೆಯಲ್ಲೂ ಅದನ್ನು ಹವಾಯಿ ಚಪ್ಪಲಿಯ ಬಾರು ಎಂದು ಗೇಲಿ ಮಾಡಿದ್ದೆವು. ಅದನ್ನು ವಿರೋಧಿಸಿದ ಚಾಲಕರಲ್ಲಿ ರೊಮೇನ್ ಗ್ರೋಜಾನ್ ಕೂಡ ಒಬ್ಬರು. 2020ರ ನವೆಂಬರ್ 29ರಂದು ಬಹರೇನ್‌ನಲ್ಲಿ, ಮೊದಲ ಸುತ್ತಿನಲ್ಲೇ, ಅವರ ಕಾರು ಉಕ್ಕಿನ ತಡೆಬೇಲಿಯನ್ನು ಸೀಳಿಕೊಂಡು ನುಗ್ಗಿ ಎರಡು ತುಂಡಾಗಿ ಹೊತ್ತಿಕೊಂಡಿತು. ಸೀಳಿದ ತಗಡು ತಲೆಗೆ ತಾಗದಂತೆ ತಡೆದದ್ದು ಅದೇ ಕಮಾನು. ಸುಮಾರು ಅರ್ಧ ನಿಮಿಷ ಬೆಂಕಿಯೊಳಗಿದ್ದ ಅವರು, ಸಿಕ್ಕಿಕೊಂಡ ಎಡಗಾಲಿನ ಶೂ ಅಲ್ಲೇ ಬಿಟ್ಟು, ಸುಟ್ಟ ಕೈಗಳಲ್ಲಿ ಬೇಲಿ ಹಿಡಿದು ದಾಟಿ ಬಂದರು. ಮೊದಲ ಸುತ್ತಿನಲ್ಲಿ ವೈದ್ಯರ ಕಾರು ಎಲ್ಲರ ಬೆನ್ನಿಗೇ ಹೊರಡುವ ಪದ್ಧತಿ ಇರುವುದರಿಂದ ವೈದ್ಯರು ಆಗಲೇ ಅಲ್ಲಿದ್ದರು. ಬೇಲಿ ಸರಿಪಡಿಸಲು ಗಂಟೆಗೂ ಹೆಚ್ಚು ಹೊತ್ತು ನಿಂತ ರೇಸ್ ಬಳಿಕ ನಡೆದೇ ನಡೆಯಿತು. ಹೇಲೋ ಇದ್ದುದರಿಂದ ಅಂದಿನ ಪೈಪೋಟಿಯಲ್ಲಿ ಏನು ಕಡಿಮೆಯಾಯಿತು ಎಂದು ಆ ಓದುಗರನ್ನು ಕೇಳಬೇಕೆನಿಸುತ್ತದೆ.

ಒಂದು ಮಾತನ್ನು ಮಾತ್ರ ಅವರಿಗೆ ಬಿಟ್ಟುಕೊಡುತ್ತೇನೆ. ತಿರುವುಗಳ ಹೊರಗೆ ಜಲ್ಲಿ ತೆಗೆದು ಡಾಂಬರು ಹಾಸಿದ ಮೇಲೆ, ಅಂಕೆ ತಪ್ಪಿದ ಚಾಲಕ ಏನೂ ಕಳೆದುಕೊಳ್ಳದೆ ಮರಳುವಂತಾಯಿತು. 2023ರ ಆಸ್ಟ್ರಿಯಾ ರೇಸಿನಲ್ಲಿ ಕಾರು ಟ್ರ್ಯಾಕಿನ ಅಂಚಿನ ಗೆರೆ ದಾಟಿರಬಹುದಾದ 1,200ಕ್ಕೂ ಹೆಚ್ಚು ಪ್ರಸಂಗಗಳನ್ನು ಅಧಿಕಾರಿಗಳು ಪರಿಶೀಲಿಸಬೇಕಾಗಿ ಬಂತು. ಅದು ರೇಸೋ ಲೆಕ್ಕಪರಿಶೋಧನೆಯೋ ತಿಳಿಯಲಿಲ್ಲ. ಮರುವರ್ಷ ಅಲ್ಲಿ ಜಲ್ಲಿಯ ಪಟ್ಟಿ ಮರಳಿ ಬಂದದ್ದು ಒಳ್ಳೆಯದೇ ಆಯಿತು.

ಸುರಕ್ಷತೆಗೂ ಪ್ರದರ್ಶನಕ್ಕೂ ನಿಜವಾದ ಜಟಾಪಟಿ ನಡೆಯುವುದು ರೇಸ್ ನಿಯಂತ್ರಣ ಕೊಠಡಿಯಲ್ಲಿ. ಮಳೆ ಸುರಿಯುತ್ತಿರುತ್ತದೆ, ಪ್ರಸಾರದ ಸಮಯ ಮುಗಿಯುತ್ತಿರುತ್ತದೆ, ಸ್ಟ್ಯಾಂಡ್ ತುಂಬಾ ಜನ ಕಾಯುತ್ತಿರುತ್ತಾರೆ. ರೇಸ್ ನಿಲ್ಲಿಸುವ ಕೆಂಪು ಬಾವುಟ ತೋರಿಸಬೇಕೋ, ಇನ್ನೊಂದು ಸುತ್ತು ನೋಡೋಣವೋ ಎಂಬುದನ್ನು ರೇಸ್ ಡೈರೆಕ್ಟರ್ ಕೆಲವೇ ಕ್ಷಣಗಳಲ್ಲಿ ತೀರ್ಮಾನಿಸಬೇಕು. ಜಪಾನಿನ ಸುಜುಕಾದಲ್ಲಿ 2014ರ ಅಕ್ಟೋಬರ್ 5ರಂದು, ಚಂಡಮಾರುತದ ಮಳೆಯಲ್ಲಿ, ಬೆಳಕು ಕುಂದುತ್ತಿದ್ದ ಹೊತ್ತಿನಲ್ಲಿ, ಜಾರಿ ನಿಂತಿದ್ದ ಕಾರೊಂದನ್ನು ಎತ್ತಲು ಬಂದಿದ್ದ ಕ್ರೇನ್‌ಗೆ ಚಾಲಕ ಜೂಲ್ಸ್ ಬಿಯಾಂಕಿಯವರ ಕಾರು ಬಡಿಯಿತು. ಅಲ್ಲಿ ಎಚ್ಚರಿಕೆಯ ಹಳದಿ ಬಾವುಟ ಬೀಸುತ್ತಿದ್ದರೂ ರೇಸ್ ಓಡುತ್ತಲೇ ಇತ್ತು. ಒಂಬತ್ತು ತಿಂಗಳು ಕೋಮಾದಲ್ಲಿದ್ದ ಬಿಯಾಂಕಿ 2015ರ ಜುಲೈನಲ್ಲಿ ತೀರಿಕೊಂಡರು. ಎಲ್ಲ ಕಾರುಗಳ ವೇಗವನ್ನೂ ಒಮ್ಮೆಗೇ ತಗ್ಗಿಸುವ ‘ವರ್ಚುವಲ್ ಸೇಫ್ಟಿ ಕಾರ್’ ಪದ್ಧತಿ ಆ ವರ್ಷವೇ ಬಂತು. ಇಷ್ಟಾದ ಮೇಲೂ 2022ರಲ್ಲಿ ಅದೇ ಸುಜುಕಾದ ಅಂಥದೇ ಮಳೆಯಲ್ಲಿ, ಕಾರುಗಳು ಇನ್ನೂ ಓಡಾಡುತ್ತಿದ್ದಾಗಲೇ ಎತ್ತುವ ವಾಹನವೊಂದು ಟ್ರ್ಯಾಕಿಗೆ ಇಳಿಯಿತು, ಚಾಲಕ ಪಿಯರ್ ಗ್ಯಾಸ್ಲಿ ಅದರ ಮಗ್ಗುಲಲ್ಲೇ ಭಾರಿ ವೇಗದಲ್ಲಿ ಹಾದುಹೋದರು. ಗ್ಯಾಸ್ಲಿ ಕೂಡ ಅಲ್ಲಿ ವೇಗ ತಗ್ಗಿಸಬೇಕಿತ್ತು, ಅದಕ್ಕಾಗಿ ಅವರಿಗೆ ದಂಡನೆಯೂ ಆಯಿತು. ಆದರೂ ವಾಹನವನ್ನು ಒಳಗೆ ಬಿಟ್ಟ ಅವಸರ ಅವರದಲ್ಲ.

2021ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಆದದ್ದು ಇದಕ್ಕೆ ತೀರ ವಿರುದ್ಧವಾದದ್ದು. ಸಂಜೆ ಆರೂವರೆಗೆ ಟಿ.ವಿ. ಮುಂದೆ ಕೂತವನು ರಾತ್ರಿ ಹತ್ತಾದರೂ ಮಳೆಯನ್ನೇ ನೋಡುತ್ತಿದ್ದೆ. ಮೂರನೆಯ ಸಲ ಕಾಫಿ ಕೊಡಲು ಬಂದ ಮನೆಯಾಕೆ ‘ಇನ್ನೂ ಶುರುವಾಗಲಿಲ್ಲವೇ?’ ಎಂದು ಕೇಳಿದ್ದು ನೆನಪಿದೆ. ಅದಕ್ಕೂ ಎರಡು ವರ್ಷದ ಹಿಂದೆ ಅದೇ ಸರ್ಕ್ಯೂಟ್‌ನಲ್ಲಿ ಫಾರ್ಮುಲಾ ಟೂ ಚಾಲಕ ಆಂಟ್ವಾನ್ ಹ್ಯೂಬರ್ಟ್ ಸತ್ತಿದ್ದರು. ಆದ್ದರಿಂದ ರೇಸ್ ನಡೆಸದೇ ಇದ್ದದ್ದು ಸರಿ. ಆದರೆ ಯಾರೂ ಹಿಂದಿಕ್ಕದಂತೆ ಮುಂದೆ ನಿಧಾನವಾಗಿ ಸಾಗುವ ಸೇಫ್ಟಿ ಕಾರಿನ ಹಿಂದೆ ಕೆಲವು ಸುತ್ತು ಮೆರವಣಿಗೆ ಹೊರಡಿಸಿ, ಅದಕ್ಕೇ ರೇಸ್ ಎಂದು ಹೆಸರಿಟ್ಟು, ಎಂದಿನ ಅರ್ಧದಷ್ಟು ಅಂಕ ಹಂಚಿ ವಿಜೇತರನ್ನು ಘೋಷಿಸಿದ್ದು ಮಾತ್ರ ನೋಡುಗರ ಕಣ್ಣಿಗೆ ಮಣ್ಣೆರಚುವ ಕೆಲಸ. ಟೀಕೆ ಬಂದ ಮೇಲೆ, ಸೇಫ್ಟಿ ಕಾರ್ ಇಲ್ಲದೆ ಕನಿಷ್ಠ ಎರಡು ಸುತ್ತು ನಡೆಯದಿದ್ದರೆ ಅಂಕವಿಲ್ಲ ಎಂದು ನಿಯಮ ತಿದ್ದಲಾಯಿತು.

ಕೊನೆಯ ಸುತ್ತುಗಳನ್ನು ಹೇಗಾದರೂ ರೇಸಾಗಿಯೇ ಮುಗಿಸಬೇಕೆಂಬ ಹಟ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದನ್ನು 2023ರ ಮೆಲ್ಬರ್ನ್ ತೋರಿಸಿತು. ಇನ್ನೆರಡೇ ಸುತ್ತು ಬಾಕಿ ಇರುವಾಗ ಕಾರುಗಳನ್ನು ನಿಲ್ಲಿಸಿ ಹೊಸದಾಗಿ ಓಟ ಆರಂಭಿಸಿದರು. ಮೊದಲ ತಿರುವುಗಳಲ್ಲೇ ಕಾರಿಗೆ ಕಾರು ಬಡಿದು ಮೂರನೆಯ ಬಾರಿ ಕೆಂಪು ಬಾವುಟ ಹಾರಿತು, ಕಡೆಗೆ ರೇಸ್ ಮುಗಿದದ್ದು ಸೇಫ್ಟಿ ಕಾರಿನ ಹಿಂದೆಯೇ. 2021ರ ಅಬುಧಾಬಿಯಲ್ಲಿ ಇದೇ ಹಟ ವಿಶ್ವ ಚಾಂಪಿಯನ್ ಯಾರೆಂಬ ತೀರ್ಪನ್ನೇ ವಿವಾದಕ್ಕೆ ಎಳೆದದ್ದನ್ನು ಇಲ್ಲಿ ಮತ್ತೆ ಕೆದಕುವುದಿಲ್ಲ.

ಹಾಗಾದರೆ ದುಡ್ಡು ಕೊಟ್ಟು ಬಂದ ಪ್ರೇಕ್ಷಕನ ಗತಿಯೇನು? 2005ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಡೆದ ರೇಸ್ ನಮಗೆ ನೆನಪಿರಬೇಕು, ಏಕೆಂದರೆ ಭಾರತದ ಚಾಲಕರೊಬ್ಬರಿಗೆ ಮೊದಲ ಫಾರ್ಮುಲಾ ಒನ್ ಅಂಕಗಳು ಸಿಕ್ಕಿದ್ದು ಅಲ್ಲೇ. ಓರೆಯಾಗಿ ಎತ್ತರಿಸಿದ ತಿರುವಿನಲ್ಲಿ ತನ್ನ ಟೈರುಗಳು ತಾಳುವ ಭರವಸೆ ಇಲ್ಲವೆಂದು ಟೈರು ಕಂಪನಿ ಮಿಶೆಲಿನ್ ಹೇಳಿತು, ತಿರುವಿನ ವೇಗ ತಗ್ಗಿಸುವ ಮಾರ್ಪಾಡಿಗೆ ಆಟದ ನಿಯಂತ್ರಣ ಸಂಸ್ಥೆ ಎಫ್‌ಐಎ ಒಪ್ಪಲಿಲ್ಲ, ಹದಿನಾಲ್ಕು ಕಾರುಗಳು ರೇಸ್ ಓಡದೆಯೇ ತಂಡಗಳ ನಿಲುಗಡೆಯಾದ ಪಿಟ್‌ಗೆ ತಿರುಗಿದವು. ಓಡಿದ ಆರರಲ್ಲಿ ನರೇನ್ ಕಾರ್ತಿಕೇಯನ್ ನಾಲ್ಕನೆಯವರು. ಕೆರಳಿದ ಜನ ಟ್ರ್ಯಾಕಿಗೆ ಬಾಟಲಿ ಎಸೆದರು. ಬಳಿಕ ಮಿಶೆಲಿನ್ ಟಿಕೆಟ್ ಹಣ ಹಿಂದಿರುಗಿಸಲು ಮುಂದಾಯಿತು. ಅಷ್ಟೂ ಗೊಂದಲದಲ್ಲಿ ಸರಿಯಾಗಿ ನಡೆದದ್ದು ಇದೊಂದೇ ಎನ್ನಬೇಕು.

ಆದ್ದರಿಂದ ನನ್ನ ಸಲಹೆ ಇಷ್ಟು. ಎಷ್ಟು ಮಳೆಗೆ, ಎಷ್ಟು ಮಸುಕಿಗೆ ರೇಸ್ ನಿಲ್ಲಬೇಕು, ಎಷ್ಟು ಸುತ್ತು ಉಳಿದಿದ್ದರೆ ಮರು ಆರಂಭ ಇಲ್ಲ ಎಂಬುದು ಋತುವಿನ ಮೊದಲೇ ಬರಹದಲ್ಲಿರಲಿ, ಡೈರೆಕ್ಟರ್ ಕೆಲಸ ಅದನ್ನು ಜಾರಿಗೊಳಿಸುವುದಷ್ಟೇ ಆಗಲಿ. ರೇಸ್ ನಡೆಯದಿದ್ದರೆ ಟಿಕೆಟ್ ಹಣ ಮರಳಿಸುತ್ತೇವೆಂದು ಟಿಕೆಟ್ ಮೇಲೆಯೇ ಅಚ್ಚು ಹಾಕಲಿ. ಆಗ ಗಡಿಯಾರ ನೋಡಿ ಬಾವುಟ ಬೀಸುವ ಪ್ರಸಂಗ ತಪ್ಪೀತು.

ಇದು ದೂರದೇಶದ ಶ್ರೀಮಂತರ ಆಟದ ಮಾತೆಂದು ಯಾರೂ ತಳ್ಳಿಹಾಕಬಾರದು. 2023ರ ಆಗಸ್ಟ್‌ನಲ್ಲಿ ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ ಬೈಕ್ ರೇಸಿನ ವೇಳೆ ಬಿದ್ದು ಸತ್ತ ಹದಿಮೂರರ ಹುಡುಗ ನಮ್ಮ ಬೆಂಗಳೂರಿನವನು. ಆ ಸುದ್ದಿ ಪತ್ರಿಕೆಗಳಲ್ಲಿ ಎರಡು ದಿನ ಬಂದು ನಿಂತುಹೋಯಿತು. ನಿಮ್ಮ ಕ್ರೀಡಾಪುಟವು ಗಾಳಿಯಲ್ಲಿ ಪಲ್ಟಿಯಾದ ಕಾರಿನ ಚಿತ್ರವನ್ನು ‘ರೋಚಕ’ ಎಂಬ ತಲೆಬರಹದಡಿ ನಾಲ್ಕು ಕಾಲಂಗೆ ಹಿಗ್ಗಿಸುವ ಬದಲು, ಆ ಕಾರಿನೊಳಗಿದ್ದವರು ಹೇಗಿದ್ದಾರೆ, ಕೆಂಪು ಬಾವುಟ ಯಾವಾಗ ಹಾರಿತು ಎಂದು ಎರಡು ಸಾಲು ಬರೆದರೆ ನನ್ನಂಥ ಓದುಗರಿಗೆ ಉಪಕಾರವಾಗುತ್ತದೆ.

ಇಂತಿ,
ನಿಮ್ಮ ಓದುಗ,
ಮೈಸೂರು