ಮಗಳಿಗೊಂದು ಪತ್ರ: ಗಂಟೆಯ ಪಕ್ಕದ ಮನೆ

ಪ್ರೀತಿಯ ಪುಟ್ಟಿ,

ಊರು ಸೇರಿ ವಾರವಾಯಿತು. ಅಪ್ಪನಿಗೆ ಇನ್ನೂ ರಾತ್ರಿ ಎರಡಕ್ಕೇ ಎಚ್ಚರ. ಮನೆಗೆ ಬಂದವರಿಗೆಲ್ಲ ಫಿಲಡೆಲ್ಫಿಯಾದ ಫೋಟೊ ತೋರಿಸುತ್ತಿದ್ದಾರೆ: ಸಿಟಿ ಹಾಲ್ ತುದಿಯ ವಿಲಿಯಂ ಪೆನ್ ಪ್ರತಿಮೆ, ರೀಡಿಂಗ್ ಟರ್ಮಿನಲ್ ಮಾರುಕಟ್ಟೆ, ಫ್ರಾಂಕ್ಲಿನ್ ಸಮಾಧಿಯ ಮೇಲೆ ಜನ ಎಸೆದ ಚಿಲ್ಲರೆ ಕಾಸು. ನೀನು ಆಫೀಸಿಗೆ ಹೋದ ಬುಧವಾರ ನಾವಿಬ್ಬರೇ ಮತ್ತೊಮ್ಮೆ ಲಿಬರ್ಟಿ ಬೆಲ್ ನೋಡಲು ಹೋಗಿದ್ದೆವಲ್ಲ, ಅವತ್ತು ರಾತ್ರಿ ನೀನು ದಣಿದು ಬಂದಿದ್ದೆ, ಹೇಳಲಾಗಲಿಲ್ಲ.

ಆ ಗಂಟೆಯ ಅಗಲವಾದ ಸೀಳು ಒಡೆದದ್ದಲ್ಲವಂತೆ, ರಿಪೇರಿ ಮಾಡಿದ್ದಂತೆ. ಮೊದಲು ಸಣ್ಣ ಬಿರುಕು ಬಿಟ್ಟಿತ್ತು. ಬಾರಿಸುವಾಗ ಅದರ ಎರಡು ಅಂಚು ಒಂದಕ್ಕೊಂದು ತಿಕ್ಕಬಾರದು ಅಂತ 1846ರಲ್ಲಿ ಬೇಕೆಂದೇ ಅಗಲ ಮಾಡಿದರು. ಆಮೇಲೆ ಇನ್ನೊಂದು ಬಿರುಕು ಮೇಲಕ್ಕೆ ಹಬ್ಬಿ ಗಂಟೆ ಮೂಕವಾಯಿತು. ನಾಡಿನ ಎಲ್ಲರಿಗೂ ಬಿಡುಗಡೆ ಸಾರಿರಿ ಎಂಬ ಬೈಬಲ್ಲಿನ ಮಾತು ಅದರ ಮೇಲಿದೆ. ಗುಲಾಮಗಿರಿ ತೊಲಗಲಿ ಎಂದು ಹೋರಾಡಿದವರು 1830ರ ದಶಕದಲ್ಲಿ ಅದನ್ನು ಲಿಬರ್ಟಿ ಬೆಲ್ ಎಂದು ಕರೆಯತೊಡಗಿದರು.

ಹೊರಗೆ ಬಂದರೆ ಪಕ್ಕದಲ್ಲೇ ಸೂರಿಲ್ಲದ ಒಂದು ಮನೆ. ಗಾಜಿನ ಕೆಳಗೆ ಹಳೆಯ ಅಡಿಪಾಯ ಕಾಣುತ್ತದೆ. ಫಿಲಡೆಲ್ಫಿಯಾ ಅಮೆರಿಕದ ರಾಜಧಾನಿಯಾಗಿದ್ದಾಗ, 1790ರಿಂದ 1797ರವರೆಗೆ, ಅಧ್ಯಕ್ಷ ವಾಷಿಂಗ್ಟನ್ ಇದ್ದದ್ದು ಅಲ್ಲೇ. ಅವರು ಅಲ್ಲಿ ಇಟ್ಟುಕೊಂಡಿದ್ದ ಒಂಬತ್ತು ಗುಲಾಮರ ಹೆಸರನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಹೊರ ರಾಜ್ಯದವರು ಕರೆತಂದ ಗುಲಾಮರು ಸತತ ಆರು ತಿಂಗಳು ಆ ರಾಜ್ಯದಲ್ಲಿದ್ದರೆ ಬಿಡುಗಡೆ ಪಡೆಯಬಹುದೆಂದು ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾದ 1780ರ ಕಾನೂನು ಹೇಳುತ್ತಿತ್ತು. ಅದಕ್ಕೇ ಅವಧಿ ತುಂಬುವ ಮೊದಲೇ ಅವರನ್ನು ರಾಜ್ಯದ ಗಡಿ ದಾಟಿಸಿ ಮತ್ತೆ ಕರೆತರುತ್ತಿದ್ದರಂತೆ. ಇದನ್ನು ಓದಿ ನನ್ನ ಹೊಟ್ಟೆ ಉರಿಯಿತು, ಪುಟ್ಟಿ. ಅಷ್ಟು ದೊಡ್ಡ ಮನುಷ್ಯ, ಅಷ್ಟು ಸಣ್ಣ ಲೆಕ್ಕ.

ಆ ಒಂಬತ್ತರಲ್ಲಿ ಓನಾ ಜಡ್ಜ್ ಎಂಬ ಹುಡುಗಿ. ಹೊಲಿಗೆಯಲ್ಲಿ ಬಲು ನುರಿತವಳು, ಒಡತಿ, ಅಂದರೆ ವಾಷಿಂಗ್ಟನ್ನರ ಹೆಂಡತಿ ಮಾರ್ಥಾರ ಬಟ್ಟೆಬರೆಯೆಲ್ಲ ಇವಳ ಕೈಯಲ್ಲೇ. ತನ್ನನ್ನು ಒಡತಿಯ ಮೊಮ್ಮಗಳಿಗೆ ಕೊಟ್ಟುಬಿಡುತ್ತಾರೆಂದು ಗೊತ್ತಾಯಿತು. 1796ರ ಮೇ ತಿಂಗಳು, ಮನೆಯವರು ವರ್ಜೀನಿಯಾಕ್ಕೆ ಹೊರಡಲು ಗಂಟುಮೂಟೆ ಕಟ್ಟುತ್ತಿದ್ದರು. ಇವಳೂ ಕಟ್ಟಿಕೊಂಡಳು, ಎಲ್ಲಿಗೆಂದು ತಿಳಿಯದೆಯೇ. ತನ್ನ ಸಾಮಾನನ್ನು ಮೊದಲೇ ಊರಿನ ಕರಿಯ ಸ್ನೇಹಿತರ ಮನೆಗೆ ಸಾಗಿಸಿ, ಒಡೆಯರು ಊಟಕ್ಕೆ ಕೂತಿದ್ದಾಗ ಹೊರಟುಹೋದಳು. ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರ್ ಸೇರಿದಳು. ಹಿಡಿದು ತರಲು ಜನ ಹೋದರು, ಅವಳು ಬರಲಿಲ್ಲ. 1848ರಲ್ಲಿ ಸಾಯುವವರೆಗೂ ಕಾನೂನಿನ ಕಣ್ಣಲ್ಲಿ ಅವಳು ಓಡಿಹೋದ ಗುಲಾಮಳೇ.

ಆಗ ಅವಳಿಗೆ ಇಪ್ಪತ್ತೆರಡರ ಆಸುಪಾಸು. ನೀನು ಮನೆ ಬಿಟ್ಟದ್ದೂ ಅದೇ ವಯಸ್ಸಿನಲ್ಲಿ. ನಿನ್ನ ಸೂಟ್‌ಕೇಸನ್ನು ಎರಡು ಸಲ ತೂಗಿ, ಇಪ್ಪತ್ತಮೂರು ಕಿಲೋ ಮೀರಿತೆಂದು ಚಟ್ನಿಪುಡಿ ತೆಗೆದಿಟ್ಟು, ಮನಸ್ಸು ತಡೆಯದೆ ಮತ್ತೆ ಸ್ವೆಟರಿನ ಮಡಿಕೆಯಲ್ಲಿ ತುರುಕಿದ್ದೆ. ಆ ಹುಡುಗಿಯ ಗಂಟಿನಲ್ಲಿ ಏನಿತ್ತೋ. ಇಷ್ಟು ವರ್ಷ ಹೊಲಿಗೆ ಮಷಿನ್ನಿನ ಮುಂದೆ ಕೂತವಳು ನಾನು, ಸೂಜಿದಾರ ಇಟ್ಟುಕೊಂಡೇ ಹೋಗಿರುತ್ತಾಳೆ ಅನ್ನಿಸುತ್ತದೆ.

ಆ ಕಡೆ ಹೋದಾಗ ಅವಳ ಹೆಸರಿನ ಒಂದು ಫೋಟೊ ತೆಗೆದು ಕಳಿಸು. ನಾನು ತೆಗೆದದ್ದರಲ್ಲಿ ಬಿಸಿಲು ಹೊಡೆದು ಅಕ್ಷರ ಕಾಣುತ್ತಿಲ್ಲ.

ನಿನ್ನ
ಅಮ್ಮ